ಭತ್ತದ ಹೊಟ್ಟಿನ ಕಾವುಪೆಟ್ಟಿಗೆ: ಗ್ಯಾಸು ಮತ್ತು ದಿನಸಿಯ ಖರ್ಚನ್ನು ಒಟ್ಟಿಗೆ ತಗ್ಗಿಸಲು ಮಾಡಿದ ಕೆಲಸದ ದಾಖಲೆ

ಅಡುಗೆಮನೆಯ ಖರ್ಚನ್ನು ಹೆಚ್ಚಿನ ಮನೆಗಳಲ್ಲಿ ಎರಡು ಬೇರೆ ಲೆಕ್ಕಗಳಾಗಿ ನೋಡುವ ರೂಢಿಯಿದೆ. ಸಿಲಿಂಡರಿನದು ಒಂದು, ದಿನಸಿಯದು ಇನ್ನೊಂದು. ಒಲೆಯ ಮುಂದೆ ನಿಂತು ದಿನವೂ ಬೇಯಿಸುವವರಿಗೆ ಮಾತ್ರ ಇವೆರಡೂ ಒಂದೇ ಲೆಕ್ಕವೆಂಬುದು ಚೆನ್ನಾಗಿ ಗೊತ್ತು. ತೊಗರಿಬೇಳೆಗೆ ಬೆಲೆ ಹೆಚ್ಚು, ಆದರೆ ಅದು ಬೇಗ ಬೇಯುತ್ತದೆ. ಹುರುಳಿ, ಕಡಲೆಯಂಥ ಇಡೀ ಕಾಳುಗಳಿಗೆ ಬೆಲೆ ಕಡಿಮೆ, ಆದರೆ ಅವು ಬೇಯಲು ಬಹಳ ಹೊತ್ತು ಬೇಕು. ಕಾಳಿನಲ್ಲಿ ಉಳಿಸಿದ್ದು ಗ್ಯಾಸಿನಲ್ಲಿ ಹೋಗುತ್ತದೆ ಎಂಬ ಅಂಜಿಕೆಯಿಂದಲೇ ಮಂಡ್ಯದ ನಮ್ಮ ಮನೆಯಲ್ಲಿ ಹುರುಳಿ ಬೇಯಿಸುವುದು ಅಪರೂಪವಾಗಿತ್ತು. ಆ ಅಂಜಿಕೆಗೆ ಎಷ್ಟು ಆಧಾರವಿದೆ, ಇದ್ದರೆ ಅದನ್ನು ಹೇಗೆ ನಿವಾರಿಸಬಹುದು ಎಂಬುದನ್ನು ಅಳೆದು ನೋಡುವ ಉದ್ದೇಶದಿಂದ ಈ ಕೆಲಸವನ್ನು, ಎಂದರೆ ಒಲೆಯಿಂದ ಇಳಿಸಿದ ಪಾತ್ರೆಯ ಕಾವು ಆರದಂತೆ ಹಿಡಿದಿಡುವ ಹೊಟ್ಟಿನ ಪೆಟ್ಟಿಗೆಯೊಂದನ್ನು ಕಟ್ಟುವುದನ್ನು, ಕೈಗೆತ್ತಿಕೊಂಡೆ.

ಬೆಲೆಗಳ ಏರಿಳಿತವನ್ನು ನೆನಪಿಸಿಕೊಳ್ಳುವುದು ಇಲ್ಲಿ ಅಗತ್ಯ. 2023ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ 14.2 ಕೆ.ಜಿ. ಸಿಲಿಂಡರಿನ ದರ 1,105 ರೂಪಾಯಿ 50 ಪೈಸೆಗೆ ಮುಟ್ಟಿತ್ತು. ಅದೇ ವರ್ಷ ಆಗಸ್ಟ್ ಕೊನೆಯಲ್ಲಿ 200 ರೂಪಾಯಿ, 2024ರ ಮಾರ್ಚ್‌ನಲ್ಲಿ 100 ರೂಪಾಯಿ ಇಳಿದು, 2025ರ ಏಪ್ರಿಲ್‌ನಲ್ಲಿ ಮತ್ತೆ 50 ರೂಪಾಯಿ ಏರಿ 855 ರೂಪಾಯಿ 50 ಪೈಸೆಯಾಯಿತು. ಈ ಬರಹದ ಲೆಕ್ಕಗಳೆಲ್ಲ 2025ರ ಏಪ್ರಿಲ್‌ನ ಈ ದರದ ಮೇಲೆ, ಎಂದರೆ ಕೆ.ಜಿ. ಗ್ಯಾಸಿಗೆ ಸುಮಾರು 60 ರೂಪಾಯಿಯಂತೆ ಮಾಡಿದವು. ದಿನಸಿಯ ಕಡೆಗೆ ಬಂದರೆ, 2023 ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದ ವರ್ಷ. ಜುಲೈನಲ್ಲಿ ಟೊಮೆಟೊ ಕೆ.ಜಿ.ಗೆ ನೂರು ರೂಪಾಯಿ ದಾಟಿದ್ದನ್ನೂ, ಕಲಬುರಗಿ ಕಡೆಯ ತೊಗರಿ ಬೆಳೆಗೆ ಪೆಟ್ಟು ಬಿದ್ದು ಬೇಳೆಯ ಬೆಲೆ ಕೈಗೆಟುಕದಂತಾದುದನ್ನೂ ಯಾವ ಮನೆಯೂ ಮರೆತಿರಲಾರದು.

ಗ್ಯಾಸು ಬಿಟ್ಟು ಇಂಡಕ್ಷನ್ ಒಲೆಗೆ ಹೋಗಬಹುದಲ್ಲ ಎಂದು ಹಲವರು ಸೂಚಿಸಿದರು. ಗೃಹಜ್ಯೋತಿಯಲ್ಲಿ ಉಚಿತವಾಗಿ ಸಿಗುವುದು 200 ಯೂನಿಟ್ ಮಿತಿಯೊಳಗೆ ಆಯಾ ಮನೆಯ ಹಿಂದಿನ ಬಳಕೆಯ ಸರಾಸರಿ ಮತ್ತು ಅದರ ಮೇಲೆ ಅಲ್ಪಸ್ವಲ್ಪ ಮಾತ್ರ. ದಿನಕ್ಕೆ ಒಂದೂವರೆ ಯೂನಿಟ್ ಅಡುಗೆಗೆ ಹಿಡಿದರೂ ತಿಂಗಳಿಗೆ 45 ಯೂನಿಟ್ ಹೊಸದಾಗಿ ಸೇರುತ್ತದೆ. ನಮ್ಮ ಮನೆಯ ಸರಾಸರಿಗೆ ಅದು ಹೊಂದುವಂಥದ್ದಲ್ಲವಾದ್ದರಿಂದ, ಇರುವ ಗ್ಯಾಸನ್ನೇ ಸರಿಯಾಗಿ ಬಳಸುವ ದಾರಿಯನ್ನು ಹುಡುಕಬೇಕಾಯಿತು.

ಮೊದಲು ಒಲೆಯ ರಿಪೇರಿ

ಒಲೆ ಕೆಟ್ಟು ಉರಿಯುತ್ತಿರುವಾಗ ಬೇರೆ ಯಾವ ಸಾಧನ ಕಟ್ಟಿದರೂ ಪ್ರಯೋಜನವಿಲ್ಲ. ನಮ್ಮ ದೊಡ್ಡ ಬರ್ನರಿನ ಜ್ವಾಲೆಯ ತುದಿ ಹಳದಿಯಾಗಿ, ಪಾತ್ರೆಗಳ ತಳಕ್ಕೆ ಮಸಿ ಹಿಡಿಯುತ್ತಿತ್ತು. ಹಳದಿ ಜ್ವಾಲೆಯೆಂದರೆ ಗ್ಯಾಸಿನ ಜೊತೆ ಬೆರೆಯಬೇಕಾದಷ್ಟು ಗಾಳಿ ಬೆರೆಯುತ್ತಿಲ್ಲವೆಂದು ಅರ್ಥ. ಭಾರತೀಯ ಮಾನಕ ಐಎಸ್ 4246ರ ಪ್ರಕಾರ ಮನೆಬಳಕೆಯ ಗ್ಯಾಸ್ ಒಲೆಯ ಉಷ್ಣ ದಕ್ಷತೆ ಕನಿಷ್ಠ ಶೇ 68 ಇರಬೇಕು. ಆದರೆ ಅದು ಹೊಸ ಒಲೆಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗಿನ ಮಾತು. ಸಾರು ಉಕ್ಕಿ, ಎಣ್ಣೆ ಸಿಡಿದು, ರಂಧ್ರಗಳು ಅರ್ಧ ಮುಚ್ಚಿಕೊಂಡ ಒಲೆಗೆ ಆ ಅಂಕಿಯನ್ನು ಅನ್ವಯಿಸುವಂತಿಲ್ಲ.

ರೆಗ್ಯುಲೇಟರನ್ನು ಸಿಲಿಂಡರಿನಿಂದ ಪೂರ್ತಿ ಬಿಡಿಸಿ, ಹಿತ್ತಾಳೆಯ ಬರ್ನರ್ ತಲೆಗಳನ್ನು ಹುಣಸೆಹಣ್ಣು ಕಿವುಚಿದ ಬಿಸಿನೀರಿನಲ್ಲಿ ಒಂದು ರಾತ್ರಿ ನೆನೆಸಿಟ್ಟೆ. ಬೆಳಿಗ್ಗೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಒಂದೊಂದು ರಂಧ್ರಕ್ಕೂ ಗುಂಡುಸೂಜಿ ಹಾಯಿಸಿ, ಬಿಸಿಲಿನಲ್ಲಿ ಪೂರ್ತಿ ಒಣಗಿಸಿದೆ. ಹೆಚ್ಚು ತೊಂದರೆ ಇದ್ದದ್ದು ಬರ್ನರಿನಲ್ಲಲ್ಲ, ಅದರ ಕೆಳಗೆ ಗ್ಯಾಸು ಮತ್ತು ಗಾಳಿ ಬೆರೆಯುವ ಕೊಳವೆಯಲ್ಲಿ. ಅಲ್ಲಿ ಜೇಡರ ಬಲೆ, ಅದಕ್ಕೆ ಅಂಟಿಕೊಂಡ ಎಣ್ಣೆಜಿಡ್ಡು, ಒಂದೆರಡು ಸತ್ತ ಜಿರಳೆಮರಿ ಸೇರಿ ಗಾಳಿಯ ದಾರಿಯನ್ನು ಕಟ್ಟಿದ್ದವು. ಜೆಟ್ಟಿನ (ಗ್ಯಾಸು ಹೊರಚಿಮ್ಮುವ ಸಣ್ಣ ಮೂತಿಯ) ರಂಧ್ರವನ್ನು ಊದಿ ಶುಚಿಮಾಡಿದೆನೇ ಹೊರತು ಸೂಜಿ ತೂರಿಸಲಿಲ್ಲ. ಆ ಸಣ್ಣ ರಂಧ್ರ ಕೂದಲೆಳೆಯಷ್ಟು ಅಗಲವಾದರೂ ಹರಿಯುವ ಗ್ಯಾಸಿನ ಪ್ರಮಾಣ ಏರುತ್ತದೆ, ಜ್ವಾಲೆ ಮತ್ತೆ ಹಳದಿಗೆ ತಿರುಗುತ್ತದೆ; ಇದನ್ನು ರಿಪೇರಿ ಮಾಡುವವರಲ್ಲೂ ಹಲವರು ಲಕ್ಷಿಸುವುದಿಲ್ಲ. ಎಲ್ಲವನ್ನೂ ಕೂಡಿಸಿದ ಮೇಲೆ ಪ್ರತಿಯೊಂದು ಸೇರುವೆಗೂ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ನೋಡಿದೆ. ಸಿಲಿಂಡರಿನಿಂದ ಒಲೆಗೆ ಬರುವ ರಬ್ಬರ್ ಕೊಳವೆಯ ಮೇಲೆ ಅಚ್ಚಾದ ವರ್ಷದಿಂದ ಐದು ವರ್ಷಗಳ ಅವಧಿ ಮೀರಿದ್ದರಿಂದ ಅದನ್ನೂ ಬದಲಿಸಿದ್ದಾಯಿತು. ಈಗ ಜ್ವಾಲೆ ನೀಲಿಯಾಗಿ, ಗಿಡ್ಡಗೆ, ಸದ್ದಿಲ್ಲದೆ ಉರಿಯುತ್ತಿದೆ, ತಳದ ಮಸಿ ನಿಂತಿದೆ. ಈ ಕೆಲಸಕ್ಕೆ ಕೊಳವೆಯ ಬೆಲೆ ಬಿಟ್ಟರೆ ಬೇರೆ ಖರ್ಚಾಗಲಿಲ್ಲ.

ಕುದಿ ಬಂದ ಮೇಲೆ ಬೆಂಕಿ ಮಾಡುವ ಕೆಲಸ

ಎರಡು ಲೀಟರ್ ನೀರನ್ನು 25 ಡಿಗ್ರಿ ಸೆಲ್ಸಿಯಸ್‌ನಿಂದ 97 ಡಿಗ್ರಿಗೆ ತರಲು ಸುಮಾರು 600 ಕಿಲೋಜೌಲ್ ಶಾಖ ಬೇಕು. (ಮಂಡ್ಯ ಸಮುದ್ರ ಮಟ್ಟದಿಂದ ಸುಮಾರು 680 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು ನೂರು ಡಿಗ್ರಿಗೆ ಮುಂಚೆಯೇ, 97ರ ಮೇಲೆ ಸ್ವಲ್ಪಕ್ಕೇ ಕುದಿಯುತ್ತದೆ.) ಒಮ್ಮೆ ಕುದಿ ಬಂದಿತೆಂದರೆ ಉರಿಯನ್ನು ಎಷ್ಟು ದೊಡ್ಡದು ಮಾಡಿದರೂ ನೀರಿನ ಶಾಖ ಒಂದು ಡಿಗ್ರಿಯೂ ಏರುವುದಿಲ್ಲ, ಹೆಚ್ಚಿನ ಬೆಂಕಿಯೆಲ್ಲ ನೀರನ್ನು ಆವಿಮಾಡುವುದಕ್ಕೇ ವ್ಯಯವಾಗುತ್ತದೆ. ಒಂದು ಕೆ.ಜಿ. ನೀರು ಆವಿಯಾಗಲು ಸುಮಾರು 2,260 ಕಿಲೋಜೌಲ್ ಬೇಕಾದ್ದರಿಂದ, ಕಾಲು ಲೀಟರ್ ನೀರು ಹಬೆಯಾಗಿ ಹೋದರೆ ಎರಡು ಲೀಟರ್ ನೀರನ್ನು ಕುದಿಗೆ ತರಲು ಹಿಡಿದಷ್ಟಕ್ಕೆ ಸಮೀಪದ ಶಾಖ ಕಿಟಕಿಯಿಂದಾಚೆ ಹೋದಂತಾಯಿತು. ಕಾಳಿಗೆ ಬೇಕಾದದ್ದು ಹಬೆಯಲ್ಲ, ತೊಂಬತ್ತರ ಆಸುಪಾಸಿನಲ್ಲಿ ಗಂಟೆಗಟ್ಟಲೆ ನಿಲ್ಲುವ ಕಾವು. ಆ ಕಾವನ್ನು ಬೆಂಕಿಯಿಂದ ಒದಗಿಸುವ ಬದಲು, ಈಗಾಗಲೇ ಪಾತ್ರೆಯಲ್ಲಿರುವ ಕಾವು ಹೊರಗೆ ಹೋಗದಂತೆ ತಡೆದರೆ ಸಾಕು.

ಇದು ನನ್ನ ಹೊಸ ಆಲೋಚನೆಯೇನೂ ಅಲ್ಲ. ಕೇರಳದಲ್ಲಿ ಜನರಿಗೆ ವಿಜ್ಞಾನ ತಲುಪಿಸುವ ಸಂಘಟನೆಯಾದ ಶಾಸ್ತ್ರ ಸಾಹಿತ್ಯ ಪರಿಷತ್ತಿನವರು ಇಂಥದ್ದೇ ತತ್ತ್ವದ ಪೆಟ್ಟಿಗೆಯನ್ನು ಮನೆಮನೆಗೆ ಪರಿಚಯಿಸಿದ್ದಾರೆ. ನಮ್ಮಲ್ಲಿ, 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆರಂಭವಾದ, ಹಳ್ಳಿಗಳಿಗೆ ತಕ್ಕ ತಂತ್ರಜ್ಞಾನದ ಅಸ್ತ್ರ ಕೇಂದ್ರ ರೂಪಿಸಿದ ಮೂರು ಪಾತ್ರೆಯ ಅಸ್ತ್ರ ಒಲೆ ಸೌದೆಯ ಉರಿಯನ್ನು ವ್ಯರ್ಥವಾಗದಂತೆ ಬಳಸುವುದನ್ನು ಹಳ್ಳಿಗಳಿಗೆ ತೋರಿಸಿಕೊಟ್ಟಿತು. ಒಲೆಯಿಂದ ಇಳಿಸಿದ ನಂತರದ ಕಾವಿನ ಕಡೆಗೆ ನಾವು ಅಷ್ಟೇ ಗಮನ ಕೊಡಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ಪೆಟ್ಟಿಗೆ ಕಟ್ಟಿದ ಬಗೆ

ಶಾಖ ತಡೆಯುವ ವಸ್ತುವಾಗಿ ಥರ್ಮಾಕೋಲ್ ಸುಲಭವಾಗಿ ಸಿಗುತ್ತದೆ, ಆದರೆ ಬಿಸಿ ಪಾತ್ರೆಯ ಪಕ್ಕದಲ್ಲಿ ಅದು ಮೆತ್ತಗಾಗಿ ಕುಗ್ಗುತ್ತದೆ. ಅಕ್ಕಿ ಗಿರಣಿಗಳ ಊರಿನಲ್ಲಿದ್ದುಕೊಂಡು ಅದನ್ನು ಕೊಳ್ಳುವುದಕ್ಕೆ ಕಾರಣವೂ ಇರಲಿಲ್ಲ. ಭತ್ತದ ಹೊಟ್ಟು ಹಗುರ, ಒಂದೊಂದು ಸಿಪ್ಪೆಯೂ ದೋಣಿಯಂತೆ ಬಾಗಿ ತನ್ನೊಳಗೆ ಗಾಳಿಯನ್ನು ಹಿಡಿದಿಟ್ಟುಕೊಂಡಿರುತ್ತದೆ. ಶಾಖ ತಡೆಯುವ ಕೆಲಸ ಮಾಡುವುದು ಈ ನಿಂತ ಗಾಳಿ. ಹೊಟ್ಟು ಸುಟ್ಟರೆ ತೂಕದಲ್ಲಿ ಐದನೆಯ ಒಂದು ಭಾಗದಷ್ಟು ಬೂದಿ ಉಳಿಯುತ್ತದೆ, ಅದರಲ್ಲಿ ಬಹುಪಾಲು ಸಿಲಿಕಾ. ಹೊಟ್ಟು ಬೇಗ ಕೊಳೆಯದಿರುವುದಕ್ಕೂ ಹುಳುಗಳಿಗೆ ಆಹಾರವಾಗದಿರುವುದಕ್ಕೂ ಇದೇ ಕಾರಣ.

ಗಿರಣಿಯಿಂದ ಒಂದು ಗೋಣಿಚೀಲದ ತುಂಬ ಹೊಟ್ಟು ತಂದೆ. ಅದರಲ್ಲಿ ನುಚ್ಚು, ತೌಡು ಸೇರಿರುತ್ತವೆ. ಅವು ಉಳಿದರೆ ಇಲಿ, ಇರುವೆ, ಹುಳು ಖಂಡಿತ ಬರುತ್ತವೆ. ಆದ್ದರಿಂದ ಮೊರದಲ್ಲಿ ಕೇರಿ, ಜರಡಿ ಹಿಡಿದು, ತಾರಸಿಯ ಮೇಲೆ ತೆಳ್ಳಗೆ ಹರಡಿ ಬಿಸಿಲಿಗೆ ಒಣಗಿಸಿದೆ. ಅಂಗೈಯಲ್ಲಿ ಹಿಡಿದು ಹಿಸುಕಿದಾಗ ಮುದ್ದೆಯಾಗದೆ ಸರಸರನೆ ಜಾರಿದರೆ ಒಣಗಿದೆಯೆಂದು ತಿಳಿಯಬಹುದು. ಒಣಗಿದ ಬೇವಿನ ಎಲೆಯನ್ನು ಪುಡಿಮಾಡಿ ಬೆರೆಸಿದೆ. ಹೀಗೆ ಶುಚಿಮಾಡಿದ ಹೊಟ್ಟು ಐದು ಕೆ.ಜಿ.ಯ ಆಸುಪಾಸು ಬೇಕಾಯಿತು.

ಹೊರಗಿನ ಪೆಟ್ಟಿಗೆಯನ್ನು ಆಚಾರ್ರ ಅಂಗಡಿಯಲ್ಲಿ ಉಳಿದಿದ್ದ 12 ಮಿ.ಮೀ. ಪ್ಲೈವುಡ್ ತುಂಡುಗಳಿಂದ ಜೋಡಿಸಿಕೊಂಡೆ. ಒಳಅಳತೆ ಉದ್ದಗಲ 44 ಸೆಂ.ಮೀ., ಎತ್ತರ 40 ಸೆಂ.ಮೀ. ಒಳಗಿನ ಗೂಡಿಗೆ 15 ಕೆ.ಜಿ.ಯ ಖಾಲಿ ಎಣ್ಣೆ ಟಿನ್ನು ಬಹಳ ಅನುಕೂಲವಾಯಿತು. ಅದರ ಚೌಕದ ಬದಿ 23 ಸೆಂ.ಮೀ.ಗಿಂತ ಸ್ವಲ್ಪ ಹೆಚ್ಚಿರುತ್ತದೆ, ತಗಡು ತೆಳು, ಒಳಮೈ ಹೊಳಪಾಗಿರುವುದರಿಂದ ಶಾಖವನ್ನು ಒಳಕ್ಕೇ ಹಿಂದಿರುಗಿಸುತ್ತದೆ, ಮೇಲಾಗಿ ಸಾರು ತುಳುಕಿದರೆ ಒರೆಸಿ ತೆಗೆಯಬಹುದು. ಬೂದಿ ಮತ್ತು ಸೀಗೆಪುಡಿ ಹಾಕಿ ಬಿಸಿನೀರಿನಲ್ಲಿ ಎರಡು ಬಾರಿ ತೊಳೆದು, ತಗಡು ಕತ್ತರಿಯಿಂದ 19 ಸೆಂ.ಮೀ. ಎತ್ತರಕ್ಕೆ ಕತ್ತರಿಸಿ, ಮೇಲಿನ ಒಂದು ಸೆಂ.ಮೀ. ಅಂಚನ್ನು ಹೊರಕ್ಕೆ ಮಡಚಿ ಸುತ್ತಿಗೆಯಿಂದ ತಟ್ಟಿದೆ. ಕತ್ತರಿಸಿದ ತಗಡಿನ ಅಂಚು ಬ್ಲೇಡಿನಷ್ಟೇ ಹರಿತವಾಗಿರುವುದರಿಂದ ಮಡಚುವ ಮುನ್ನ ದಪ್ಪ ಬಟ್ಟೆಯಿಲ್ಲದೆ ಮುಟ್ಟಬಾರದು.

ಪೆಟ್ಟಿಗೆಯ ತಳಕ್ಕೆ ಹತ್ತು ಸೆಂ.ಮೀ. ಹೊಟ್ಟು ಹರಡಿ, ಪೆಟ್ಟಿಗೆಯ ಬದಿಯನ್ನು ಕೈಯಿಂದ ತಟ್ಟುತ್ತ ಕುಳ್ಳಿರಿಸಿ, ಅದರ ಮೇಲೆ ಒಂದು ಪ್ಲೈವುಡ್ ಹಲಗೆ, ಹಲಗೆಯ ಮೇಲೆ ಟಿನ್ನನ್ನು ನಡುವಿಗೆ ಸರಿಯಾಗಿ ಇಟ್ಟೆ. ಹಲಗೆಯಿಲ್ಲದಿದ್ದರೆ ತುಂಬಿದ ಪಾತ್ರೆಯ ಭಾರಕ್ಕೆ ಟಿನ್ನು ದಿನದಿನಕ್ಕೆ ಕೆಳಗಿಳಿಯುತ್ತದೆ. ಸುತ್ತಲಿನ ಹತ್ತು ಸೆಂ.ಮೀ. ಜಾಗದಲ್ಲಿ ಹೊಟ್ಟು ತುಂಬುವಾಗ ಬಿಗಿಯಾಗಿ ಜಡಿಯದೆ, ತಟ್ಟಿದರೆ ಎಷ್ಟು ಇಳಿಯುತ್ತದೋ ಅಷ್ಟಕ್ಕೇ ಬಿಟ್ಟೆ, ಏಕೆಂದರೆ ಜಡಿದು ತುಂಬಿದರೆ ನಡುವಿನ ಗಾಳಿಯೇ ಹೋಗಿಬಿಡುತ್ತದೆ. ಮೇಲೆ ನಡುವೆ ಚೌಕ ಕಿಂಡಿಯಿರುವ ಪ್ಲೈವುಡ್ ಚೌಕಟ್ಟನ್ನು ಕೂರಿಸಿ, ಟಿನ್ನಿನ ಮಡಚಿದ ಅಂಚನ್ನು ಅದಕ್ಕೆ ಸಣ್ಣ ಮೊಳೆಗಳಿಂದ ಹೊಡೆದೆ. ಇದರಿಂದ ಹೊಟ್ಟು ಎಲ್ಲಿಯೂ ಅನ್ನಸಾರುಗಳಿಗೆ ಮುಟ್ಟುವುದಿಲ್ಲ.

ಪಾತ್ರೆ ದುಂಡು, ಗೂಡು ಚೌಕ. ನಾಲ್ಕು ಮೂಲೆಗಳಲ್ಲಿ ಜಾಗ ಉಳಿಯುತ್ತದೆ. ಹಳೆಯ ಪಂಚೆಯ ಬಟ್ಟೆಯಲ್ಲಿ ನಾಲ್ಕು ಸಣ್ಣ ತ್ರಿಕೋನ ದಿಂಬುಗಳನ್ನು ಹೊಲಿದು, ಹೊಟ್ಟು ತುಂಬಿ ಆ ಮೂಲೆಗಳಿಗೆ ಸಿಕ್ಕಿಸಿದೆ. ಪಾತ್ರೆಗೆ ಕಿವಿಗಳಿರಬಾರದು, ನಾನು ಆರಿಸಿಕೊಂಡದ್ದು 21 ಸೆಂ.ಮೀ. ವ್ಯಾಸದ, 14 ಸೆಂ.ಮೀ. ಎತ್ತರದ, ಮುಚ್ಚಳ ಬಿಗಿಯಾಗಿ ಕೂರುವ ಸ್ಟೀಲ್ ಪಾತ್ರೆ. ಅದನ್ನು ಗೂಡಿಗೆ ಇಳಿಸಲು ಮತ್ತು ಎತ್ತಲು ತಳದಿಂದ ಹಾಯ್ದು ಎರಡೂ ಬದಿಗೆ ಬರುವಂತೆ ಅಂಗೈ ಅಗಲದ ದಪ್ಪ ಬಟ್ಟೆಯ ಪಟ್ಟಿಯೊಂದನ್ನು ಮಾಡಿಕೊಂಡೆ.

ಇಡೀ ಪೆಟ್ಟಿಗೆಯಲ್ಲಿ ಹೆಚ್ಚು ಶ್ರದ್ಧೆ ಬೇಡುವುದು ಮುಚ್ಚಳ. ಬಿಸಿ ಗಾಳಿ ಮೇಲಕ್ಕೇರುವುದರಿಂದ ಬದಿಗಳಲ್ಲಿ ಎಷ್ಟು ಹೊಟ್ಟು ತುಂಬಿದರೂ ಮೇಲೆ ಸಂದಿಯಿದ್ದರೆ ಎಲ್ಲವೂ ವ್ಯರ್ಥ. ಕೀಲು ಹಾಕಿದ ಪ್ಲೈವುಡ್ ಮುಚ್ಚಳದ ಕೆಳಗೆ ಬೂರುಗದ ಹತ್ತಿಯ ಹಳೆಯ ದಿಂಬೊಂದನ್ನು ಬಿಚ್ಚಿ, ಪೆಟ್ಟಿಗೆಯ ಒಳಅಳತೆಗೆ ಚೌಕವಾಗಿ ಹೊಲಿದು, 12 ಸೆಂ.ಮೀ. ದಪ್ಪದ ಮೆತ್ತೆ ಮಾಡಿಟ್ಟೆ. ಬೂರುಗದ ಹತ್ತಿಯನ್ನು ಇಲ್ಲಿಗೆ ಆರಿಸಿದ್ದು ಅದು ಹಗುರ ಮತ್ತು ಹಬೆಗೆ ಬೇಗ ನೆನೆಯುವುದಿಲ್ಲ ಎಂಬ ಕಾರಣಕ್ಕೆ. ಮೆತ್ತೆ ಪಾತ್ರೆಯ ಮುಚ್ಚಳದ ಮೇಲೆ ಅಮುಕಿ ಕೂತು, ಅದರ ಹಿಡಿಯ ಸುತ್ತಲೂ ತಾನಾಗಿ ಬಗ್ಗಿಕೊಳ್ಳುವಷ್ಟು ಮೃದುವಾಗಿರಬೇಕು. ಮೆತ್ತೆಗೆ ಒಗೆಯಬಹುದಾದ ಇನ್ನೊಂದು ಬಟ್ಟೆಯ ಹೊದಿಕೆ ಹಾಕಿದ್ದೇನೆ, ಇಲ್ಲದಿದ್ದರೆ ಮಸಾಲೆಯ ವಾಸನೆ ನಿಂತುಬಿಡುತ್ತದೆ. ಪೆಟ್ಟಿಗೆಯ ಬಾಯಿಯ ಸುತ್ತ ಹಳೆಯ ಕುರಿಯುಣ್ಣೆಯ ಕಂಬಳಿಯಿಂದ ಕತ್ತರಿಸಿದ ಪಟ್ಟಿಯನ್ನು ಮೊಳೆ ಹೊಡೆದು ಕೂರಿಸಿ, ಮುಚ್ಚಳವನ್ನು ಎರಡು ಚಿಲಕಗಳಿಂದ ಬಿಗಿದಾಗ ಪೆಟ್ಟಿಗೆ ಸಿದ್ಧವಾಯಿತು.

ನೀರಿನಿಂದ ಅಳತೆ

ಕಾಳು ಹಾಕುವ ಮೊದಲು ಬರೀ ನೀರಿನಿಂದ ಪರೀಕ್ಷಿಸಿದೆ. ಅಡುಗೆಯ ಡಿಜಿಟಲ್ ಥರ್ಮಾಮೀಟರಿನ ತಂತಿಯನ್ನು ಮೆತ್ತೆಯ ಬದಿಯಿಂದ ಹೊರಗೆ ತಂದರೆ ಮುಚ್ಚಳ ತೆರೆಯದೆಯೇ ಓದಬಹುದು. ಮೂರು ಲೀಟರ್ ನೀರು 97 ಡಿಗ್ರಿಯಲ್ಲಿ ಒಳಗೆ ಹೋಗಿ ಒಂದು ಗಂಟೆಗೆ 89, ಎರಡು ಗಂಟೆಗೆ 85, ನಾಲ್ಕು ಗಂಟೆಗೆ 78, ಎಂಟು ಗಂಟೆಗೆ 66 ಡಿಗ್ರಿಯಲ್ಲಿತ್ತು. ಮೊದಲ ಗಂಟೆಯಲ್ಲಿ ಇಳಿತ ಹೆಚ್ಚು. ಪಾತ್ರೆ, ತಗಡು, ಹತ್ತಿರದ ಹೊಟ್ಟು ಇವೆಲ್ಲ ಬಿಸಿಯಾಗಲು ಆ ಕಾವು ಖರ್ಚಾಗುತ್ತದೆ. ನಂತರದ ಇಳಿತ ನಿಧಾನ.

ಅದರ ಅರ್ಧ, ಎಂದರೆ ಒಂದೂವರೆ ಲೀಟರ್ ಮಾತ್ರ ಇಟ್ಟಾಗ ನಾಲ್ಕು ಗಂಟೆಯ ಹೊತ್ತಿಗೆ ಶಾಖ 65ಕ್ಕೆ ಇಳಿದಿತ್ತು. ಕಾವನ್ನು ಹೊತ್ತಿರುವುದು ನೀರು ಮತ್ತು ಕಾಳು. ಅವು ಕಡಿಮೆಯಾದರೆ ಪೆಟ್ಟಿಗೆ ಎಷ್ಟೇ ಚೆನ್ನಾಗಿದ್ದರೂ ಬೇಗ ಆರುತ್ತದೆ. ಹಾಗಾಗಿ ಇಬ್ಬರೇ ಇರುವ ಮನೆಯವರು ನನ್ನ ಅಳತೆಯನ್ನೇ ಅನುಸರಿಸದೆ, ತುಂಬಿ ಬೇಯಿಸಬಹುದಾದ ಎರಡು ಲೀಟರಿನ ಪಾತ್ರೆಗೆ ತಕ್ಕ ಸಣ್ಣ ಗೂಡು ಕಟ್ಟುವುದು ಒಳ್ಳೆಯದು. ದೊಡ್ಡ ಪೆಟ್ಟಿಗೆಯಲ್ಲಿ ಸ್ವಲ್ಪವೇ ಅಡುಗೆ ಇಟ್ಟು ಫಲವಿಲ್ಲವೆಂದು ಕೈಬಿಟ್ಟವರನ್ನು ಬಲ್ಲೆ.

ಹುರುಳಿಯ ಪರೀಕ್ಷೆ

ಅವ್ವನಿಗೆ ಪೆಟ್ಟಿಗೆಯ ಮೇಲೆ ನಂಬಿಕೆಯಿರಲಿಲ್ಲ. "ಕಾಳ ಮುಚ್ಚಿಟ್ಟು ಕೂತ್ಕಂಡ್ರೆ ಬೆಂದಾತೇನಪ್ಪಾ? ಕಟ್ಟು ಬಿಡಬೇಕು ಅಂದ್ರೆ ಕುದೀಬೇಕು" ಎಂದರು. "ಕುದಿಸೇ ಇಡೋದು ಕಣವ್ವ, ಆಮೇಲೆ ಕಾವು ಆರಕ್ಕೆ ಬುಡಲ್ಲ ಅಷ್ಟೆ" ಎಂದೆ.

ಹುರುಳಿ ಬೇಯದಿರುವುದಕ್ಕೆ ಬೆಂಕಿಗಿಂತ ಮುಖ್ಯವಾದ ಕಾರಣಗಳಿವೆ. ಕೊಳವೆಬಾವಿಯ ಗಡಸು ನೀರಿನಲ್ಲಿರುವ ಸುಣ್ಣದ ಅಂಶ ಕಾಳಿನ ಸಿಪ್ಪೆ ಮೆತ್ತಗಾಗುವುದನ್ನು ತಡೆಯುತ್ತದೆ. ಹುಣಸೆ, ಟೊಮೆಟೊಗಳ ಹುಳಿಯೂ ಅದೇ ಕೆಲಸ ಮಾಡುತ್ತದೆ. ಆದ್ದರಿಂದ ನಲ್ಲಿಯಲ್ಲಿ ಬರುವ ಕಾವೇರಿ ನೀರಿನಲ್ಲಿ, ಚಿಟಿಕೆ ಅಡುಗೆ ಸೋಡಾ ಸೇರಿಸಿ, ನಾನೂರು ಗ್ರಾಂ ಹುರುಳಿಯನ್ನು ರಾತ್ರಿಯಿಡೀ ನೆನೆಸಿದೆವು. ಬೆಳಿಗ್ಗೆ ಆ ನೀರು ಬಸಿದು, ಹೊಸ ನೀರು ಹಾಕಿ, ಮುಚ್ಚಳ ಮುಚ್ಚಿ ಕುದಿಗೆ ತಂದು, ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕುದಿಸಿ ಪೆಟ್ಟಿಗೆಗೆ ಇಳಿಸಿದೆ. ಈ ಹತ್ತು ನಿಮಿಷವನ್ನು ಬಿಡುವಂತಿಲ್ಲ. ನೀರು ಕುದಿದ ಕೂಡಲೇ ಕಾಳಿನ ಒಳಗೂ ಅಷ್ಟೇ ಬಿಸಿ ಮುಟ್ಟಿರುವುದಿಲ್ಲ. ನಡುವೆ ಒಮ್ಮೆ ತೆರೆದಾಗ ಪಾತ್ರೆಯ ಮುಚ್ಚಳ ಬರಿಗೈಯಲ್ಲಿ ಮುಟ್ಟಲಾರದಷ್ಟು ಬಿಸಿಯಿತ್ತು. ಮತ್ತೊಮ್ಮೆ ಕುದಿ ತರಿಸಿ ಐದು ನಿಮಿಷ ಬಿಟ್ಟು ಮತ್ತೆ ಪೆಟ್ಟಿಗೆಗೆ ಇಳಿಸಿದೆವು.

ಕೊನೆಗೆ ಪೆಟ್ಟಿಗೆ ತೆರೆದಾಗ ಅವ್ವ ಸೌಟಿನಲ್ಲಿ ನಾಲ್ಕು ಕಾಳು ತೆಗೆದು ಹೆಬ್ಬೆರಳು ತೋರುಬೆರಳುಗಳ ನಡುವೆ ಒತ್ತಿ ನೋಡಿದರು. ಸಿಪ್ಪೆ ಒಡೆಯದೆ, ಒಳಗೆ ಹಿಟ್ಟಾಗಿ ಬೆಂದಿತ್ತು. ಕಾಳು ಕುದಿತದಲ್ಲಿ ಹೊರಳಾಡದೆ ನಿಂತಲ್ಲೇ ಬೇಯುವುದರಿಂದ ಒಂದೂ ಕದಡಿರಲಿಲ್ಲ. ಅದರ ಪರಿಣಾಮವಾಗಿ ಕಟ್ಟು ಮಾತ್ರ ನಾವು ರೂಢಿ ಮಾಡಿಕೊಂಡದ್ದಕ್ಕಿಂತ ತೆಳ್ಳಗಿತ್ತು. ಒಂದು ಸೌಟು ಬೆಂದ ಕಾಳನ್ನು ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಕೊತ್ತಂಬರಿ, ಮೆಣಸಿನ ಮಸಾಲೆಯ ಜೊತೆ ರುಬ್ಬಿ ಸೇರಿಸಿದಾಗ ಸಾರಿಗೆ ಬೇಕಾದ ಮಂದ ಬಂದಿತು. ಬಸಿದುಳಿದ ಕಾಳಿಗೆ ಕಾಯಿತುರಿ ಹಾಕಿ ಪಲ್ಯ ಮಾಡಿದರೆ ಒಂದೇ ಪಾತ್ರೆಯಿಂದ ಮುದ್ದೆಗೆ ಸಾರೂ ನಂಚಿಕೊಳ್ಳಲು ಪಲ್ಯವೂ ಆಗುತ್ತದೆ. ಸೊಪ್ಪಿನ ಕಾಲದಲ್ಲಿ ಇದೇ ಬಸ್ಸಾರು. ಹುರುಳಿಯಲ್ಲೂ ತೊಗರಿಯಲ್ಲೂ ನೂರು ಗ್ರಾಂಗೆ ಇಪ್ಪತ್ತು ಗ್ರಾಂಗಿಂತ ಹೆಚ್ಚು ಪ್ರೋಟೀನ್ ಇರುವುದರಿಂದ ಬೇಳೆಯ ಬದಲು ಹುರುಳಿ ಬಳಸಿದರೆ ಊಟದ ಸತ್ವ ಕುಗ್ಗುವುದಿಲ್ಲ. ಮುದ್ದೆಗಂತೂ ಪೆಟ್ಟಿಗೆಯಿಂದ ಉಪಯೋಗವಿಲ್ಲ, ಅದಕ್ಕೆ ಉರಿಯ ಮೇಲೆ ತಿರುವಲೇಬೇಕು.

ಸಿಲಿಂಡರ್ ತೂಗಿ ನೋಡಿದ ಲೆಕ್ಕ

ಎಷ್ಟು ಹೊತ್ತು ಉರಿಸಿದೆವು ಎಂಬುದರಿಂದ ಗ್ಯಾಸಿನ ಖರ್ಚು ತಿಳಿಯುವುದಿಲ್ಲ, ಏಕೆಂದರೆ ಸಿಮ್ಮಿನ ಹತ್ತು ನಿಮಿಷವೂ ದೊಡ್ಡ ಉರಿಯ ಹತ್ತು ನಿಮಿಷವೂ ಒಂದೇ ಅಲ್ಲ. ಆದ್ದರಿಂದ ಐದು ಕೆ.ಜಿ.ಯ ಸಣ್ಣ ಸಿಲಿಂಡರನ್ನು ಗ್ರಾಂ ಲೆಕ್ಕದಲ್ಲಿ ತೋರಿಸುವ ತಕ್ಕಡಿಯ ಮೇಲೆ ಅಡುಗೆಗೆ ಮುಂಚೆ ಮತ್ತು ನಂತರ ತೂಗಿದೆ. ಕೊಳವೆಯ ಎಳೆತಕ್ಕೆ ತೂಕ ತಪ್ಪು ತೋರುವುದರಿಂದ ಪ್ರತಿಬಾರಿಯೂ ರೆಗ್ಯುಲೇಟರ್ ಬಿಡಿಸಿಯೇ ತೂಗಬೇಕು.

ಅಷ್ಟೇ ಹುರುಳಿ, ಅಷ್ಟೇ ನೀರು. ತೆರೆದ ಪಾತ್ರೆಯಲ್ಲಿ ಕೊನೆಯವರೆಗೂ ಒಲೆಯ ಮೇಲೆ ಬೇಯಿಸಿದಾಗ ಸುಮಾರು 90 ಗ್ರಾಂ ಗ್ಯಾಸು ಹಿಡಿಯಿತು. ದೊಡ್ಡ ಉರಿಯಲ್ಲಿ ಕುಕ್ಕರಿನ ಕೂಗು ಎಣಿಸುತ್ತ ಬೇಯಿಸಿದಾಗ 85 ಗ್ರಾಂ. ಮೊದಲ ಕೂಗು ಬಂದ ಕೂಡಲೇ ಉರಿಯನ್ನು ಸಿಮ್ಮಿಗಿಳಿಸಿ ಬೇಯಿಸಿದಾಗ 55 ಗ್ರಾಂ. ಪೆಟ್ಟಿಗೆಯಲ್ಲಿ, ನಡುವಿನ ಎರಡನೆಯ ಕುದಿಯನ್ನೂ ಸೇರಿಸಿ, 45 ಗ್ರಾಂ.

ಈ ಅಂಕಿಗಳಲ್ಲಿ ನನಗೆ ಅತ್ಯಂತ ಮುಖ್ಯವೆನಿಸಿದ್ದು ಎರಡನೆಯದು ಮತ್ತು ಮೂರನೆಯದರ ನಡುವಿನ ಅಂತರ. ಕುಕ್ಕರಿನ ತೂಕದ ಮುಚ್ಚಳ ಏಳುವ ಹೊತ್ತಿಗೆ ಒಳಗಿನ ಶಾಖ 120 ಡಿಗ್ರಿಯ ಹತ್ತಿರ ಬಂದಿರುತ್ತದೆ, ಅದಕ್ಕಿಂತ ಮೇಲೆ ಅದು ಹೋಗುವುದಿಲ್ಲ. ಕೂಗೆಂದರೆ ಹೆಚ್ಚಾದ ಉರಿ ಹಬೆಯಾಗಿ ಹೊರಬೀಳುವ ಸದ್ದು. ಎಂಟು ಕೂಗು, ಹತ್ತು ಕೂಗು ಎಂದು ಅಡುಗೆ ಕಲಿಸುವ ನಮ್ಮ ರೂಢಿ ಬೇಯುವ ಹೊತ್ತನ್ನು ಅಳೆಯುವ ಬದಲು ಪೋಲಾಗುವ ಗ್ಯಾಸನ್ನು ಅಳೆಯುತ್ತಿದೆ. ಪೆಟ್ಟಿಗೆ ಕಟ್ಟಲು ಜಾಗವಾಗಲಿ ಪುರುಸೊತ್ತಾಗಲಿ ಇಲ್ಲದವರು ಇದೊಂದನ್ನು ಬದಲಿಸಿಕೊಂಡರೂ ನಾನು ಪಡೆದ ಲಾಭದ ಮುಕ್ಕಾಲು ಭಾಗ ಅವರಿಗೆ ಸಿಗುತ್ತದೆ ಎಂದು ಧೈರ್ಯವಾಗಿ ಹೇಳಬಲ್ಲೆ.

ಹಾಗಾದರೆ ಪೆಟ್ಟಿಗೆ ಯಾಕೆ? ತೊಗರಿಬೇಳೆಗೂ ಎರಡು ಪಾವು ಅಕ್ಕಿಯ ಅನ್ನಕ್ಕೂ ಕುಕ್ಕರೇ ಸಾಕು, ಅವಕ್ಕೆ ನಾನು ಪೆಟ್ಟಿಗೆ ಬಳಸುವುದಿಲ್ಲ. ಕಾಲುಸೂಪು, ಕರಾವಳಿಯವರ ಕುಚ್ಚಲಕ್ಕಿ ಅನ್ನ, ನೆಂಟರು ಬಂದಾಗಿನ ದೊಡ್ಡ ಪಾತ್ರೆಯ ಅಡುಗೆ, ಇಂಥ ಕಡೆಯಲ್ಲಿ ಅದರ ಉಪಯೋಗ ದೊಡ್ಡದು. ಇನ್ನೊಂದು, ನಮ್ಮ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಉಣ್ಣುತ್ತಾರೆ. ಎರಡು ಲೀಟರ್ ಸಾರನ್ನು ಒಮ್ಮೆ ಬಿಸಿಮಾಡಲು ಸುಮಾರು 15 ಗ್ರಾಂ ಗ್ಯಾಸು ಬೇಕು. ಮಧ್ಯಾಹ್ನದ ಸಾರು ಪೆಟ್ಟಿಗೆಯಲ್ಲೇ ಇದ್ದರೆ ಕೊನೆಯವರು ಬರುವವರೆಗೂ ಬಡಿಸುವಷ್ಟು ಬಿಸಿಯಿರುತ್ತದೆ. ಇವೆಲ್ಲ ಸೇರಿ ತಿಂಗಳಿಗೆ ಒಂದೂವರೆ ಕೆ.ಜಿ. ಗ್ಯಾಸು, ಎಂದರೆ 90 ರೂಪಾಯಿ ಉಳಿಯುತ್ತದೆಂದು ನನ್ನ ಅಂದಾಜು. ಇದು ದೊಡ್ಡ ಮೊತ್ತವೇನೂ ಅಲ್ಲ. ಆದರೆ ಗ್ಯಾಸಿನ ಅಂಜಿಕೆ ಹೋದ ಮೇಲೆ ತಿಂಗಳ ನಾಲ್ಕು ಕೆ.ಜಿ. ಬೇಳೆಯಲ್ಲಿ ಎರಡು ಕೆ.ಜಿ.ಯ ಜಾಗಕ್ಕೆ ಹುರುಳಿ, ಕಡಲೆ ಬಂದಿವೆ, ಕೆ.ಜಿ.ಗೆ 50 ರೂಪಾಯಿಯ ಅಂತರವಿದ್ದರೂ ಅಲ್ಲಿ ಇನ್ನೊಂದು ನೂರು ಉಳಿಯುತ್ತದೆ. ಕೀಲು, ಚಿಲಕ, ಮೊಳೆ, ಬಟ್ಟೆ ಸೇರಿ ಪೆಟ್ಟಿಗೆಗೆ ತಗುಲಿದ ಖರ್ಚು ನಾಲ್ಕುನೂರು ರೂಪಾಯಿಯೊಳಗೆ.

ಎಚ್ಚರಿಕೆ ಮತ್ತು ಆರೈಕೆ

ಬೆಂದ ಆಹಾರ 60 ಡಿಗ್ರಿಗಿಂತ ಕೆಳಗೆ ಗಂಟೆಗಟ್ಟಲೆ ಬೆಚ್ಚಗಿದ್ದರೆ ರೋಗಾಣುಗಳು ಬೆಳೆಯುತ್ತವೆ, ಅವುಗಳಲ್ಲಿ ಕೆಲವು ಮತ್ತೆ ಕುದಿಸಿದರೂ ಹೋಗದ ವಿಷವನ್ನು ಬಿಡುತ್ತವೆ. ಆದ್ದರಿಂದ ನಮ್ಮಲ್ಲಿ ಪೆಟ್ಟಿಗೆಯ ಪಕ್ಕಕ್ಕೇ ಥರ್ಮಾಮೀಟರ್ ತೂಗುಹಾಕಿದ್ದೇವೆ. ಆರು ಗಂಟೆಗಿಂತ ಹೆಚ್ಚು ಏನನ್ನೂ ಒಳಗೆ ಬಿಡುವುದಿಲ್ಲ, ತೆಗೆದಾಗ 60ಕ್ಕಿಂತ ಕೆಳಗಿದ್ದು ಎಷ್ಟು ಹೊತ್ತಾಯಿತೆಂದು ತಿಳಿಯದಿದ್ದರೆ ಅದನ್ನು ಉಣ್ಣುವುದಿಲ್ಲ. ರಾಜ್ಮಾ ಕಾಳಿನಲ್ಲಿ ಸಹಜವಾಗಿಯೇ ಒಂದು ವಿಷಾಂಶವಿರುತ್ತದೆ. ಅದು ಎಂಬತ್ತು ಡಿಗ್ರಿಯ ಕಾವಿನಲ್ಲಿ ಹೋಗದು. ನೆನೆಸಿದ ನೀರು ಚೆಲ್ಲಿ, ಕನಿಷ್ಠ ಹತ್ತು ನಿಮಿಷ ದೊಡ್ಡ ಉರಿಯಲ್ಲಿ ಸಳಸಳ ಕುದಿಸಿದ ಮೇಲೆಯೇ ಅದನ್ನು ಪೆಟ್ಟಿಗೆಗೆ ಇಡಬೇಕು. ಒತ್ತಡ ತುಂಬಿದ ಕುಕ್ಕರನ್ನು ಎತ್ತಿ ಪೆಟ್ಟಿಗೆಯಲ್ಲಿಡುವವರೂ ಇದ್ದಾರೆ. ಮಕ್ಕಳು ಓಡಾಡುವ ಅಡುಗೆಮನೆಯಲ್ಲಿ ಅದನ್ನು ನಾನು ಒಪ್ಪಲಾರೆ.

ಪೆಟ್ಟಿಗೆ ಒಲೆಯಿಂದ ದೂರದಲ್ಲಿ, ನೆಲದಿಂದ ಎರಡು ಇಟ್ಟಿಗೆ ಎತ್ತರದಲ್ಲಿದೆ. ಮಳೆಗಾಲದಲ್ಲಿ ಹೊಟ್ಟು ತೇವ ಎಳೆದುಕೊಂಡರೆ ಕಾವು ಹಿಡಿಯುವ ಶಕ್ತಿ ತಗ್ಗುತ್ತದೆ, ಇದನ್ನು ಅರಿಯಲು ಮೂರು ಲೀಟರ್ ನೀರಿನ ಪರೀಕ್ಷೆಯನ್ನೇ ತಿಂಗಳಿಗೊಮ್ಮೆ ಮಾಡುತ್ತೇನೆ. ನಾಲ್ಕು ಗಂಟೆಗೆ 75ಕ್ಕಿಂತ ಕೆಳಗೆ ಬಂದರೆ ಚೌಕಟ್ಟು ಬಿಚ್ಚಿ ಹೊಟ್ಟನ್ನು ಬಿಸಿಲಿಗೆ ಹರಡಬೇಕು. ಶ್ರಾವಣದ ಜಡಿಮಳೆಯಲ್ಲಿ ಬಿಸಿಲು ಸಿಗದಾಗ ಗಿರಣಿಯಿಂದ ಹೊಸ ಹೊಟ್ಟು ತಂದು ತುಂಬುವುದೇ ಸುಲಭ. ಹಳೆಯದು ಕೈತೋಟದ ಮಣ್ಣಿಗೆ ಹೋಗುತ್ತದೆ. ಮೆತ್ತೆಯ ಹೊದಿಕೆಗೆ ವಾರಕ್ಕೊಮ್ಮೆ ಒಗೆತ, ಮೂಲೆಯ ದಿಂಬುಗಳಿಗೆ ಬಿಸಿಲು. ಇಷ್ಟು ಬಿಟ್ಟರೆ ಪೆಟ್ಟಿಗೆ ಬೇರೇನನ್ನೂ ಕೇಳುತ್ತಿಲ್ಲ. ಮುಂದಿನ ಕೆಲಸವೆಂದರೆ ಪ್ಲೈವುಡ್ಡಿನ ಬದಲು ಬಿದಿರಿನ ಮಂಕರಿಯಲ್ಲಿ, ಗೋಣಿಚೀಲದ ಒಳಪದರ ಕೊಟ್ಟು, ಎರಡು ಲೀಟರಿನ ಸಣ್ಣ ಗೂಡು ಮಾಡುವುದು. ಅದರ ಅಳತೆಗೆ ತಕ್ಕ ಟಿನ್ನು ಸಿಕ್ಕಿದೆ, ಕತ್ತರಿಸುವುದಷ್ಟೇ ಬಾಕಿ.